ಮೇಷ್ಟ್ರ ಕಂಪ್ಯೂಟರ್ ಮಾತು ಬಿಟ್ಟ ನಾಲ್ಕು ದಿನ

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಚಿತ್ರದುರ್ಗದಲ್ಲಿ ಒಂದು ಸಣ್ಣ ಸಭೆ ಮಾಡಿದರು. ಏಳು ಜನ ಮಾತಾಡಿದರು. ಏಳೂ ಜನ ಒಂದಲ್ಲ ಒಂದು ಕಡೆ ‘ಪಾಪ’ ಅಂದರು. ‘ಪಾಪ, ಕಣ್ಣಿಲ್ಲದಿದ್ದರೂ ಎಷ್ಟು ಚೆನ್ನಾಗಿ ಇಂಗ್ಲಿಷ್ ಕಲಿಸಿದರು.’ ‘ಪಾಪ, ದಿನಾ ಒಬ್ಬರೇ ಬಸ್ಸು ಹತ್ತುತ್ತಿದ್ದರು.’ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಇದ್ದಿದ್ದರೆ ಕೋಲನ್ನು ನೆಲಕ್ಕೆ ಕುಟ್ಟಿ, “ಯಾರ್ರೀ ಅದು ಪಾಪ ಅಂದಿದ್ದು? ಮುಂದೆ ಬರ್ರಿ” ಎಂದು ಸಭೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು.

ನನ್ನನ್ನೂ ಮಾತಾಡಲು ಕರೆದರು. ಎದ್ದು ಹೋದೆ. ಮೈಕಿನ ಮುಂದೆ ನಿಂತೆ. ‘ದೊಡ್ಡ ಮನುಷ್ಯರು, ಅವರಿಂದ ಬಹಳ ಕಲಿತೆ’ ಎಂದು ಎಲ್ಲರೂ ಹೇಳುವ ಎರಡು ಮಾತು ಹೇಳಿ ವಾಪಸು ಬಂದು ಕುಳಿತೆ. ಏನು ಕಲಿತೆ, ಯಾವ ತಪ್ಪು ಮಾಡಿ ಕಲಿತೆ ಎಂಬುದನ್ನು ಹೇಳಲಿಲ್ಲ. ನಾನು ಬರಹಗಾರನಲ್ಲ, ಕಂಪ್ಯೂಟರ್ ರಿಪೇರಿ ಮಾಡುವವನು. ಆದರೂ ಇದನ್ನು ಬರೆದೇ ತೀರಬೇಕು ಎಂದು ಕುಳಿತಿದ್ದೇನೆ.

ನಾನು ಹೊಸದುರ್ಗದವನು. ಚಿತ್ರದುರ್ಗದಲ್ಲಿ ಆರು ತಿಂಗಳು ಹಾರ್ಡ್‌ವೇರ್ ಕೋರ್ಸು ಮಾಡಿ, ಹೊಳಲ್ಕೆರೆ ರಸ್ತೆಯ ಕಡೆ ಒಂದು ಸಣ್ಣ ಅಂಗಡಿ ಹಾಕಿದೆ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಆರು ತಿಂಗಳ ಕೋರ್ಸು ಮಾಡಿದವನಿಗೆ ಎಷ್ಟು ಗೊತ್ತಿರುತ್ತದೋ ಅಷ್ಟು ಗೊತ್ತಿತ್ತು, ಅದರ ಮೂರರಷ್ಟು ಜಂಬ ಇತ್ತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಬಿಳಿ ಅಂಗಿ, ಕೈಯಲ್ಲಿ ಕೋಲು, ಕಪ್ಪು ಕನ್ನಡಕ. ಒಳಗೆ ಬರಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ ನಿಂತು, “ಒಳಗೆ ಎರಡು ಫ್ಯಾನು ತಿರುಗ್ತಾ ಅವೆ. ಒಂದರ ಬೇರಿಂಗ್ ಹೋಗೈತೆ. ಕಂಪ್ಯೂಟರ್ ಅಂಗಡಿ ಇದೇ ಅಲ್ವಾ?” ಎಂದರು.

ಹೌದು ಅಂದೆ. “ಮೊದಲು ನಿಮ್ಮ ಫ್ಯಾನು ಸರಿ ಮಾಡ್ಕಳ್ರಿ, ಆಮೇಲೆ ನಂದು ನೋಡೀರಂತೆ” ಅಂದರು. ಹಾಗೆ ಪರಿಚಯವಾಯಿತು.

ಅವರು ಹೊಳಲ್ಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆ ಇದ್ದದ್ದು ದುರ್ಗದಲ್ಲಿ, ಚಂದ್ರವಳ್ಳಿಗೆ ಹೋಗುವ ದಾರಿಯಲ್ಲಿ. ಕಣ್ಣು ಹುಟ್ಟಿನಿಂದಲೇ ಇರಲಿಲ್ಲವೋ ಆಮೇಲೆ ಹೋಯಿತೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು, ಮಕ್ಕಳನ್ನು ಕೂಡ. ಯಾಕೆ ಸರ್ ಅಂದರೆ, “ಎದುರಿಗಿರೋರ ವಯಸ್ಸು ನಂಗೇನು ಕಾಣ್ತದಾ? ಎಲ್ಲರಿಗೂ ‘ರೀ’ ಅಂದ್ಬಿಟ್ರೆ ಯಾರಿಗೂ ಸಿಟ್ಟು ಬರಲ್ಲ” ಎಂದು ನಗುತ್ತಿದ್ದರು.

ಹಟ ಅಂದರೆ ಎಂಥ ಹಟ ಅಂತೀರಿ. ಬಸ್ಸಿನಲ್ಲಿ ಕಂಡಕ್ಟರ್ ‘ಪಾಪ, ಅವರಿಗೆ ಸೀಟು ಬಿಡ್ರೀ’ ಎಂದು ಕೂಗಿದರೆ ಮುಗಿಯಿತು. ಸೀಟು ಖಾಲಿ ಇದ್ದರೂ ಹೊಳಲ್ಕೆರೆ ಬರುವವರೆಗೆ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. “ಕುಂತ್ಕಳ್ರಿ ಸರ್, ಜಾಗ ಐತೆ” ಅಂದೆ. “ಜಾಗ ಐತೆ ಅಂತ ನೀವು ಹೇಳಿದ್ರಿ, ಕುಂತ್ಕಂತೀನಿ. ಪಾಪ ಅಂತ ಅವರು ಹೇಳಿದ್ರು, ಅದಕ್ಕೆ ನಿಂತಿದ್ದೆ” ಎಂದು ಕುಳಿತರು. ಕಂಡಕ್ಟರ್ ಮುಖ ಸಪ್ಪಗಾಯಿತು.

ಇನ್ನೊಂದು ಅವರ ಖಾಯಂ ಮಾತು: “ಕೇಳ್ಸಿ ಕೊಡ್ರಿ.” ರಿಪೇರಿಗೆ ಕೊಟ್ಟ ಯಾವ ವಸ್ತುವನ್ನೂ ‘ಸರಿಯಾಗೈತೆ’ ಎಂಬ ಬಾಯಿಮಾತಿಗೆ ಒಪ್ಪಿ ತೆಗೆದುಕೊಳ್ಳುತ್ತಿರಲಿಲ್ಲ. ಮಿಕ್ಸಿ ರಿಪೇರಿಗೆ ಕೊಟ್ಟರೆ ಜೇಬಿನಲ್ಲಿ ಒಂದು ಹಿಡಿ ಕಡಲೆ ತಂದು, ಅಂಗಡಿಯವನ ಕೈಯಲ್ಲೇ ತಿರುಗಿಸಿ, ಸದ್ದು ಕೇಳಿ, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಆಮೇಲೆ ಹೂಂ ಅನ್ನುವವರು. ಅಂಗಡಿಯವರು ಬೆನ್ನ ಹಿಂದೆ ಗೊಣಗುತ್ತಿದ್ದರು. ನಾನೂ ಗೊಣಗಿದ್ದೇನೆ.

ಅವರ ಕಂಪ್ಯೂಟರಿನಲ್ಲಿ ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಮು ಇತ್ತು. ಯಾವುದೋ ಸಂಸ್ಥೆಯವರು ಆ ಒಂದು ಪೆಟ್ಟಿಗೆಗೆ ಮಾತ್ರ ಹಾಕಿಕೊಟ್ಟಿದ್ದು, ಬೇರೆ ಕಂಪ್ಯೂಟರಿನಲ್ಲಿ ನಡೆಯುತ್ತಿರಲಿಲ್ಲ. ಒತ್ತಿದ ಪ್ರತಿ ಅಕ್ಷರವನ್ನೂ ಅದು ಮೂಗಿನಲ್ಲಿ ಉಚ್ಚರಿಸುತ್ತಿತ್ತು. ಬ್ರಿಟಿಷ್ ಸಾಹೇಬರ ಹಾಗೆ ಮಾತಾಡುತ್ತದೆ ಎಂದು ಮೇಷ್ಟ್ರು ಅದಕ್ಕೆ ‘ದೊರೆ’ ಎಂದು ಹೆಸರಿಟ್ಟಿದ್ದರು. “ದೊರೆಗೆ ಭರಮಸಾಗರ ಅನ್ನೋಕೆ ಬರಲ್ಲ ನೋಡ್ರಿ, ನಾಲಿಗೆ ಹೊರಳಲ್ಲ” ಎಂದು ಊರಿನ ಹೆಸರನ್ನು ಹತ್ತು ಸಲ ಹೇಳಿಸಿ ಖುಷಿಪಡುತ್ತಿದ್ದರು. ಮನೆಯವರು ಅಡುಗೆಮನೆಯಿಂದ, “ಸಾಕು ಬಿಡ್ರಿ, ಆ ದೊರೆ ಕಾಟ ನಂಗೆ ಸಾಕಾಗೈತೆ” ಅನ್ನುತ್ತಿದ್ದರು. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಮೊದಲ ಸಲ ಅವರ ಮನೆಗೆ ಹೋಗಿ ಪೆಟ್ಟಿಗೆ ಬಿಚ್ಚಿದ್ದು ಧೂಳು ತೆಗೆಯಲು. “ಒಳಗೆ ಏನೇನೈತೆ ತೋರಿಸ್ರಿ” ಅಂದರು. ಏನು ತೋರಿಸುವುದು ಎಂದು ತಿಳಿಯದೆ ನಿಂತೆ. ಅವರೇ ಬೆರಳು ಮುಂದೆ ಚಾಚಿದರು. ಬೆರಳನ್ನು ಒಂದೊಂದರ ಮೇಲೂ ಇಡಿಸಿ ಹೆಸರು ಹೇಳಿದೆ. ಅವರು ನಿಧಾನವಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಬೋರ್ಡಿನ ಮೂಲೆ ಮೂಲೆಯನ್ನೂ ಸವರಿದರು. ನನಗೆ ಗೊತ್ತಿಲ್ಲದ ಕಡೆ ಬೆರಳು ನಿಂತಾಗ, “ಅದು ಏನೂ ಇಲ್ಲ ಸರ್, ಸುಮ್ನೆ ಇರ್ತದೆ” ಎಂದು ಸಾಗಹಾಕಿದೆ. “ಸುಮ್ನೆ ಯಾರೂ ಏನೂ ಇಡಲ್ಲ” ಅಂದರು, ಮುಂದಕ್ಕೆ ಹೋದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಷ್ಟು ವರ್ಷ ಕಲಿಸಿದರೂ ಅವರಿಗೆ ಹತ್ತನೇ ಕ್ಲಾಸು ಕೊಟ್ಟಿರಲಿಲ್ಲ. ಎಂಟು, ಒಂಬತ್ತಕ್ಕೇ ನಿಲ್ಲಿಸಿದ್ದರು. ಹೆಡ್‌ಮಾಸ್ಟರು ಕೆಟ್ಟವರಲ್ಲ, ಅವರ ತಕರಾರು ಒಂದೇ. ಪ್ರಶ್ನೆಪತ್ರಿಕೆಯನ್ನು ಮೇಷ್ಟ್ರು ಯಾರಿಗಾದರೂ ಹೇಳಿ ಬರೆಸಬೇಕು, ಬರೆದವರ ಬಾಯಿಂದ ಊರಿಗೆಲ್ಲ ಗೊತ್ತಾಗುತ್ತದೆ, ಹತ್ತನೇ ಕ್ಲಾಸಿಗೆ ಅದು ಆಗುವುದಿಲ್ಲ. ಹಿಂದೆ ಒಂಬತ್ತನೇ ಕ್ಲಾಸಿನಲ್ಲಿ ಒಮ್ಮೆ ಹಾಗೆ ಆಗಿಯೂ ಇತ್ತಂತೆ. ಕಂಪ್ಯೂಟರ್ ಬಂದ ಮೇಲೆ ಮೇಷ್ಟ್ರು ಹೋಗಿ, ‘ಇನ್ನು ನಾನೇ ಟೈಪ್ ಮಾಡಿ, ನಾನೇ ಪ್ರಿಂಟ್ ತೆಗೆದು, ಲಕೋಟೆ ಅಂಟಿಸಿ ಕೊಡ್ತೀನಿ, ನನ್ನ ಬಿಟ್ಟು ಒಬ್ರೂ ನೋಡಲ್ಲ’ ಎಂದು ವಾದ ಹೂಡಿದರು. ಕೊನೆಗೆ ಹೆಡ್‌ಮಾಸ್ಟರು ಒಪ್ಪಿದರು. ಶಾಲೆಯೇ ನಡೆಸುವ ಹತ್ತನೇ ಕ್ಲಾಸಿನ ಇಂಗ್ಲಿಷ್ ಪರೀಕ್ಷೆಯ ಪತ್ರಿಕೆಯನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಂದುಕೊಡಬೇಕು. ಕೊಟ್ಟರೆ ಹತ್ತನೇ ಕ್ಲಾಸು ಅವರದು. ಇಲ್ಲದಿದ್ದರೆ ಆ ಮಾತು ಮತ್ತೆ ಎತ್ತುವ ಹಾಗಿಲ್ಲ.

ಅದರ ಹಿಂದಿನ ವಾರವೇ ಕರೆಂಟು ಏರಿಳಿದು ಅವರ ಪೆಟ್ಟಿಗೆಯ ಪವರ್ ಸಪ್ಲೈ ಸುಟ್ಟುಹೋಯಿತು. ಅಂಗಡಿಗೆ ತರಿಸಿಕೊಂಡೆ. ಆಗ ನಮ್ಮ ಕಡೆ ಒಂದು ರೂಢಿ ಇತ್ತು. ಗಿರಾಕಿಗಳಿಗೆ ‘ಸಿಪಿಯು ಒಂದು ತನ್ನಿ, ಬೇರೆ ಏನೂ ಬೇಡ’ ಅನ್ನುತ್ತಿದ್ದೆವು. ನಮ್ಮ ಮಾನಿಟರಿಗೆ ಜೋಡಿಸುವುದು, ಪರದೆ ಬಂದರೆ ಕೆಲಸ ಮುಗಿಯಿತು. ನನ್ನ ಮೇಜಿನ ಮೇಲೆ ಸ್ಪೀಕರ್ ಎಂಬುದೇ ಇರಲಿಲ್ಲ. ಪವರ್ ಸಪ್ಲೈ ಬದಲಿಸಿದೆ, ತುಕ್ಕು ಹಿಡಿದ ಡಬ್ಬಿ ತೆಗೆದು ಹೊಸ ಡಬ್ಬಿಗೆ ಬೋರ್ಡು ಕೂರಿಸಿದೆ, ಪರದೆ ಬಂತು. ಬುಧವಾರ ಸಂಜೆ ನಾನೇ ಹೊತ್ತುಕೊಂಡು ಹೋಗಿ ಮನೆಯಲ್ಲಿ ಜೋಡಿಸಿ, “ಸರಿಯಾಗೈತೆ ಸರ್” ಅಂದೆ.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತರು. ಒಂದು ಕೀ ಒತ್ತಿದರು. ಇನ್ನೊಂದು ಒತ್ತಿದರು. ಕಾದರು. “ದೊರೆ ಯಾಕ್ರೀ ಮಾತಾಡ್ತಿಲ್ಲ?”

ನಾನು ಸ್ಪೀಕರಿನ ಗುಂಡಿ ತಿರುಗಿಸಿದೆ. ವಯರು ಕಿತ್ತು ಮತ್ತೆ ಸಿಕ್ಕಿಸಿದೆ. ಏನೂ ಇಲ್ಲ. ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. “ಕಂಪ್ಯೂಟರ್ ಪೂರ್ತಿ ಸರಿಯಾಗೈತೆ ಸರ್. ಸೌಂಡ್ ಒಂದು ಬರ್ತಿಲ್ಲ, ಅಷ್ಟೇ.”

“ಅಷ್ಟೇನಾ?” ಅಂದರು ಮೇಷ್ಟ್ರು. ದನಿ ಏರಲಿಲ್ಲ. “ಟೀವಿ ಅಂಗಡಿಯೋರು ನಿಮಗೊಂದು ಟೀವಿ ಕೊಟ್ಟು, ಎಲ್ಲಾ ಸರಿಯಾಗೈತೆ, ಚಿತ್ರ ಒಂದು ಬರಲ್ಲ ಅಷ್ಟೇ ಅಂದ್ರೆ ಮನೆಗೆ ತರ್ತೀರಾ?”

ಗುರುವಾರ ಡ್ರೈವರ್ ಸಿಡಿ ತೆಗೆದುಕೊಂಡು ಹೋದೆ. ಡ್ರೈವರ್ ಅಂದರೆ ಕಂಪ್ಯೂಟರಿಗೆ ಅದರ ಭಾಗಗಳನ್ನು ಬಳಸಲು ಕಲಿಸುವ ಪ್ರೋಗ್ರಾಮು. ಕಿತ್ತು ಹಾಕಿದೆ, ಮತ್ತೆ ಹಾಕಿದೆ. ಪರದೆಯ ಮೇಲೆ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತು. ಸ್ಪೀಕರ್ ಮಾತ್ರ ತುಟಿ ಬಿಚ್ಚಲಿಲ್ಲ. ಶುಕ್ರವಾರ ನನ್ನ ಬ್ರಹ್ಮಾಸ್ತ್ರ ತೆಗೆದೆ. ಆ ಕಾಲದಲ್ಲಿ ರಿಪೇರಿಯವರಿಗೆ ಏನೂ ತೋಚದಿದ್ದರೆ ಫಾರ್ಮ್ಯಾಟ್ ಮಾಡುವುದು, ಅಂದರೆ ಒಳಗಿರುವುದನ್ನೆಲ್ಲ ಒರೆಸಿ ಹೊಸದಾಗಿ ಶುರು ಮಾಡುವುದು. “ಫಾರ್ಮ್ಯಾಟ್ ಮಾಡ್ಬಿಡಾಣ ಸರ್” ಅಂದೆ.

“ನನ್ನ ಆರು ತಿಂಗಳ ಪಾಠದ ಟಿಪ್ಪಣಿ ಅದರೊಳಗೈತೆ. ಆ ಪ್ರೋಗ್ರಾಮು ಮತ್ತೆ ಹಾಕ್ಸೋಕೆ ಎಲ್ಲಿಗೆ ಹೋಗ್ಲಿ? ತಲೆ ನೋವು ಅಂತ ಬಂದೋರಿಗೆ ತಲೆ ತೆಗೀತೀನಿ ಅಂತೀರಲ್ರೀ. ಬ್ಯಾಡ.”

ಶನಿವಾರ ಬೇರೆ ಸ್ಪೀಕರ್ ತಂದು ಹಾಕಿದೆ. ಅದೂ ಸುಮ್ಮನೆ ಕುಳಿತಿತು. ಅವರ ಹಳೆಯ ಸ್ಪೀಕರನ್ನು ರೇಡಿಯೋಗೆ ಜೋಡಿಸಿದರೆ ಊರಿಗೆಲ್ಲ ಕೇಳುವ ಹಾಗೆ ಹಾಡಿತು. ಬೇರೆ ಸೌಂಡ್ ಕಾರ್ಡು ಹಾಕಬಹುದಿತ್ತು, ದುರ್ಗದ ಎರಡೂ ಅಂಗಡಿಯಲ್ಲಿ ಇರಲಿಲ್ಲ, ತರಿಸಿದರೆ ಮಂಗಳವಾರಕ್ಕೆ. ಸೋತು ಹೇಳಿದೆ: “ನೀವು ಹೇಳ್ರಿ ಸರ್, ನಾನು ಟೈಪ್ ಮಾಡಿ ಕೊಡ್ತೀನಿ. ಒಂದು ಗಂಟೆ ಕೆಲಸ. ಯಾರಿಗೂ ಹೇಳಲ್ಲ.”

ಮೇಷ್ಟ್ರು ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. “ನೀವು ಹೇಳಲ್ಲ, ಒಪ್ಪಿದೆ. ಆದ್ರೆ ನನ್ನ ಬಿಟ್ಟು ಒಬ್ರೂ ನೋಡಲ್ಲ ಅಂತ ಮಾತು ಕೊಟ್ಟಿದೀನಿ. ಅದನ್ನ ನಾನೇ ಮುರಿದ್ರೆ ಹೆಡ್‌ಮಾಸ್ಟರ್ ಹೇಳಿದ್ದೇ ಸರಿ ಆಗ್ತದೆ. ನಾಳೆ ಭಾನುವಾರ. ಬೆಳಿಗ್ಗೆ ಬರ್ರಿ. ಇದ್ದ ದನಿ ಎಲ್ಲಿಗೆ ಹೋಯ್ತು ಅಂತ ಹುಡುಕಾಣ. ಸಿಗೋ ತನಕ ಎದ್ದೇಳೋದು ಬ್ಯಾಡ.”

ನಿಜ ಹೇಳುತ್ತೇನೆ, ನನಗೆ ಬೇಸರ ಬಂದಿತ್ತು. ಭಾನುವಾರ ಊರಿಗೆ ಹೋಗುವವನಿದ್ದೆ. ಹೋಗದೆ ಇದ್ದುಬಿಟ್ಟರೆ ಏನು ಮಾಡಿಯಾರು ಎಂಬ ಯೋಚನೆಯೂ ಬಂತು. ಆದರೆ ಎದ್ದು ಬರುವಾಗ ಅವರು ಆ ಮೂಕ ಪೆಟ್ಟಿಗೆಯ ಮುಂದೆ ಕುಳಿತು ಸುಮ್ಮನೆ ಟೈಪ್ ಮಾಡುತ್ತಿದ್ದುದನ್ನು ನೋಡಿದೆ. ಏನು ಬೀಳುತ್ತಿದೆ ಎಂದು ಅವರಿಗೆ ತಿಳಿಯುವ ಹಾಗಿರಲಿಲ್ಲ. ಹಿಂದಿನಿಂದ ಬಗ್ಗಿ ನೋಡಿದರೆ ಮೌಸ್ ಎಲ್ಲೋ ಕ್ಲಿಕ್ ಆಗಿ ಅವರು ಹೊಡೆದ ಒಂದಕ್ಷರವೂ ಹಾಳೆಯ ಮೇಲೆ ಇರಲಿಲ್ಲ. ಅದನ್ನು ಹೇಳಲಾಗದೆ ಚಪ್ಪಲಿ ಮೆಟ್ಟಿಕೊಂಡು ಬಂದೆ.

ಭಾನುವಾರ ಎಂಟಕ್ಕೆ ಹೋದಾಗ ಅವರು ಆಗಲೇ ಪೆಟ್ಟಿಗೆಯನ್ನು ಮಂಚದ ಪಕ್ಕದ ಮೇಜಿನ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದರು. ಕಾಲಿಗೆ ರಬ್ಬರ್ ಚಪ್ಪಲಿ. ಅಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. “ತಿಂದು ಕೈ ತೊಳಕಳ್ರಿ. ಎಣ್ಣೆ ಕೈಯಲ್ಲಿ ಮುಟ್ಟಬ್ಯಾಡ್ರಿ” ಅಂದರು ಮೇಷ್ಟ್ರು.

ಮಧ್ಯಾಹ್ನದವರೆಗೂ ನನ್ನ ದಾರಿಯಲ್ಲೇ ಹುಡುಕಿದೆವು. ನಾನು ಪರದೆ ನೋಡುತ್ತಾ ಹೋದೆ, ಅಲ್ಲಿ ಎಲ್ಲವೂ ಸರಿಯಿತ್ತು. ಊಟವಾದ ಮೇಲೆ ಮೇಷ್ಟ್ರು, “ನೀವು ಎಲ್ಲಿಂದ ಹುಡುಕ್ತಾ ಇದೀರಿ?” ಎಂದು ಕೇಳಿದರು. ಡ್ರೈವರಿನಿಂದ ಅಂದೆ.

“ನಾನು ಸಣ್ಣವನಿದ್ದಾಗ ಮನೇಲಿ ಒಂದು ರೇಡಿಯೋ ಇತ್ತು. ತಿಂಗಳಿಗೊಂದ್ಸಲ ಸದ್ದು ಬಿಡೋದು. ನಾನೇ ಬಿಚ್ತಿದ್ದೆ. ನಂಗೆ ಒಳಗಡೆ ಏನೈತೆ ಅಂತ ಗೊತ್ತಿರ್ಲಿಲ್ಲ. ಸ್ಪೀಕರ್ ಹತ್ರದಿಂದ ಶುರು ಮಾಡಿ ಒಂದೊಂದೇ ಕಡೆ ಬೆರಳಿಡ್ತಾ ಹಿಂದಕ್ಕೆ ಹೋಗೋದು. ದಾರಿ ಸರಿ ಇರೋ ತನಕ ಸ್ಪೀಕರ್ ಗುಂಯ್ ಅಂತದೆ. ಯಾವಾಗ ಸುಮ್ನಾಗ್ತದೋ ಅಲ್ಲಿ ದಾರಿ ಕಡಿದೈತೆ ಅಂತ ಲೆಕ್ಕ. ನೀವು ದೊರೆ ಕಡೆಯಿಂದ ಬರ್ತಿದೀರಿ. ನಾನು ಕಿವಿ ಕಡೆಯಿಂದ ಹೋಗ್ತೀನಿ. ಚಾಲೂ ಮಾಡ್ರಿ, ಸ್ಪೀಕರ್ ಪೂರ್ತಿ ಏರ್ಸಿ.”

ಚಾಲೂ ಇರುವ ಬೋರ್ಡಿಗೆ ಕೈ ಹಾಕುತ್ತೇನೆ ಅಂದರು. ಪವರ್ ಸಪ್ಲೈ ಡಬ್ಬಿಯ ಹತ್ತಿರ ಮಾತ್ರ ಹೋಗಬೇಡಿ, ಕರೆಂಟು ಹೊಡೆಯುತ್ತದೆ ಎಂದು ನಾನು ಅದರ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟೆ. ಅವರು ಅಂಗೈಯನ್ನು ಗಾಳಿಗೆ ಹಿಡಿದು ಒಳಗಿನ ಫ್ಯಾನು ಎಲ್ಲಿದೆ ಎಂದು ಗುರುತು ಮಾಡಿಕೊಂಡರು. ಆಮೇಲೆ ಬಲಗೈ ತೋರುಬೆರಳನ್ನು ಸ್ಪೀಕರಿನ ವಯರು ಸಿಕ್ಕಿಸುವ ಜಾಗದ ಒಳಬದಿಯಿಂದ ಶುರು ಮಾಡಿ ಅಂಗುಲ ಅಂಗುಲವಾಗಿ ಒಯ್ದರು. ಅಕ್ಕ ಅಡುಗೆಮನೆಯ ನಲ್ಲಿ ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು. ಎಷ್ಟು ಹೊತ್ತು ಹಾಗೆ ಸವರಿದರೋ ಗೊತ್ತಿಲ್ಲ, ನನ್ನ ಕಾಲು ಜೋಮು ಹಿಡಿಯಿತು.

ಒಂದು ಕಡೆ ಸ್ಪೀಕರ್ ಸಣ್ಣಗೆ ಗುಂಯ್ ಅಂದಿತು.

ಬೆರಳು ತೆಗೆದರು. ನಿಂತಿತು. ಇಟ್ಟರು. ಮತ್ತೆ ಗುಂಯ್. ಮೇಷ್ಟ್ರ ಮುಖದ ಮೇಲೆ ನಗು ಹರಡಿತು. “ಇಲ್ಲಿ ನೋಡ್ರಿ. ಸ್ಪೀಕರಿಂದ ಇಲ್ಲೀ ತನಕ ದಾರಿ ಐತೆ. ಪಕ್ಕದ ಪಿನ್ನು ಮುಟ್ಟಿದ್ರೆ ಸುಮ್ನಾಗ್ತದೆ. ಇವೆರಡರ ಮಧ್ಯೆನೇ ಕಡಿದಿರೋದು.” ಅವರು ಬೆರಳನ್ನು ಅಲ್ಲೇ ಹಿಂದೆ ಮುಂದೆ ಆಡಿಸಿದರು. ನಗು ನಿಂತಿತು. “ಇಲ್ಲಿ ಐದು ಜೋಡಿ ಪಿನ್ನು ಅವೆ, ಒಂದು ಪಿನ್ನು ಮೊದಲಿಂದ್ಲೂ ಇಲ್ಲ. ಈ ತುದಿಯಿಂದ ಮೂರನೇ ಜೋಡಿ ಮೇಲೆ ಒಂದು, ಐದನೇ ಜೋಡಿ ಮೇಲೆ ಒಂದು, ಎರಡು ಸಣ್ಣ ಟೋಪಿ ಇದ್ವು. ಅವತ್ತು ಧೂಳು ತೆಗೆದಾಗ ನಾನು ಬೆರಳಿಟ್ರೆ ಸುಮ್ನೆ ಇರ್ತವೆ ಅಂದಿದ್ರಿ. ಈಗಿಲ್ಲ. ಎಲ್ಲಿ ಹೋದ್ವು?”

ಬಗ್ಗಿ ನೋಡಿದೆ. ಬರೀ ಪಿನ್ನುಗಳು. ನೋಡಿದ ಕ್ಷಣವೇ ಎಲ್ಲ ನೆನಪಾಯಿತು.

ಜಂಪರ್ ಎಂದು ಒಂದು ಚೂರು ಸಾಮಾನು ಇರುತ್ತದೆ. ಅಕ್ಕಿಕಾಳಿಗಿಂತ ತುಸು ದಪ್ಪ, ಎರಡು ಪಿನ್ನುಗಳನ್ನು ಕೂಡಿಸುವ ಪ್ಲಾಸ್ಟಿಕ್ ಟೋಪಿ, ಒಳಗೆ ಲೋಹ. ಒಂದು ಕಂಪ್ಯೂಟರಿಗೆ ಎರಡನೇ ಹಾರ್ಡ್‌ಡಿಸ್ಕ್ ಹಾಕುವಾಗಲೂ ಅದು ಬೇಕು. ಅಂಗಡಿಯಲ್ಲಿ ಇವು ಯಾವಾಗಲೂ ಕಡಿಮೆ. ಹಾಗಾಗಿ ನಾವು ರಿಪೇರಿಯವರು ಕಂಡ ಬೋರ್ಡಿನಿಂದೆಲ್ಲ ‘ಸುಮ್ಮನೆ ಇರುವ’ ಜಂಪರ್ ಕಿತ್ತು ಇಟ್ಟುಕೊಳ್ಳುತ್ತಿದ್ದೆವು. ಅದು ಕಳ್ಳತನ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಮೇಷ್ಟ್ರ ಬೋರ್ಡು ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದ ದಿನ ಭರಮಸಾಗರದ ಫೋಟೋ ಸ್ಟುಡಿಯೋದವನೊಬ್ಬ ಹೊಸ ಡಿಸ್ಕ್ ಹಿಡಿದುಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ತಲೆಯ ಮೇಲೆ ನಿಂತಿದ್ದ. ಚಿಮಟ ತೆಗೆದುಕೊಂಡು ಒಂದನ್ನು ಕಿತ್ತೆ. ಇನ್ನೊಂದನ್ನೂ, ಮುಂದೆ ಬೇಕಾದೀತು ಎಂದು ಕಿತ್ತು ಡಬ್ಬಿಗೆ ಹಾಕಿದೆ. ಅರ್ಧ ನಿಮಿಷದ ಕೆಲಸ, ಅಲ್ಲೇ ಮರೆತೆ. ಆ ಟೋಪಿಗಳ ಮೂಲಕವೇ ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಸುವ ಸ್ಪೀಕರಿಗೆ ಸದ್ದು ಹೋಗುತ್ತದೆ ಎಂಬುದು ನನ್ನ ಆರು ತಿಂಗಳ ಕೋರ್ಸಿನಲ್ಲಿ ಇರಲಿಲ್ಲ.

ಮೇಷ್ಟ್ರ ಬೆರಳು ಇನ್ನೂ ಆ ಪಿನ್ನಿನ ಮೇಲೆ ಇತ್ತು. ಸ್ಪೀಕರ್ ಗುಂಯ್ ಅನ್ನುತ್ತಲೇ ಇತ್ತು. ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ತರುವಾಗ ಬಿದ್ದಿರಬೇಕು ಅನ್ನಬಹುದಿತ್ತು. ಅಕ್ಕನಿಗೆ ತಿಳಿಯುತ್ತಿರಲಿಲ್ಲ, ಮೇಷ್ಟ್ರಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಆದರೆ ಆ ಮನುಷ್ಯ ನಾಲ್ಕು ದಿನ ನನ್ನ ಜೊತೆ ಕುಳಿತು, ನನ್ನನ್ನು ಒಂದು ಸಲವೂ ಬೈಯದೆ, ನನ್ನ ತಪ್ಪನ್ನು ಹುಡುಕುತ್ತಿದ್ದರು.

“ನಾನೇ ಕಿತ್ತಿದ್ದು ಸರ್” ಅಂದೆ. ಭರಮಸಾಗರದ ಸ್ಟುಡಿಯೋದವನ ಕಥೆಯನ್ನೂ ಹೇಳಿದೆ. “ಮರ್ತಿದ್ದೆ. ನಿಜವಾಗ್ಲೂ ಈಗ ನೆನಪಾಯ್ತು.”

ಅವರು ಬೆರಳು ಎತ್ತಿದರು. ಗುಂಯ್ ನಿಂತಿತು. ಅವರು ನನ್ನ ಕಡೆ ಮುಖ ತಿರುಗಿಸಿ, ನನಗೆ ಪರಿಚಯವಾದ ಮೇಲೆ ಮೊದಲ ಸಲ ಏಕವಚನಕ್ಕೆ ಇಳಿದರು. “ಬಿಚ್ಚಿಟ್ಟಿದ್ದು ಕಂಡ್ರೆ ಅದೆಲ್ಲ ನಿಂದೇ ಏನಪ್ಪ?”

ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತಾ ಒಳಗೆ ಹೋದರು. ಎದ್ದು ಓಡಿಹೋಗಬೇಕು ಅನ್ನಿಸಿತು. ಮೇಷ್ಟ್ರು ಗಡಿಯಾರದ ಗಾಜು ಎತ್ತಿ ಮುಳ್ಳು ಮುಟ್ಟಿ ನೋಡಿದರು. “ಮೂರೂವರೆ ಆಗೈತೆ. ಬೈಯೋಕೆ ಆಮೇಲೆ ಟೈಮು ಸಿಗ್ತದೆ. ಈಗ ಏನು ಮಾಡ್ತೀಯ ಹೇಳು.”

ಅಂಗಡಿಗೆ ಓಡಿದರೆ ಡಬ್ಬಿ ಖಾಲಿ, ಎರಡನೇ ಜಂಪರೂ ಆಗಲೇ ಬೇರೆ ಗಿರಾಕಿಯ ಡಿಸ್ಕಿಗೆ ಹೋಗಿತ್ತು, ಬರಿಗೈಲಿ ವಾಪಸು ಬಂದೆ. ಮನೆಯ ಹಳೆಯ ಟೆಲಿಫೋನ್ ವಯರಿನ ತುಂಡೊಂದನ್ನು ಅಕ್ಕನೇ ಹುಡುಕಿ ಕೊಟ್ಟರು. ಬ್ಲೇಡಿನಿಂದ ಕೆರೆದು ತಾಮ್ರದ ಎರಡು ಎಳೆ ತೆಗೆದು, ಕಂಪ್ಯೂಟರ್ ಆರಿಸಿ, ಮೇಷ್ಟ್ರು ಬೆರಳಿಟ್ಟು ತೋರಿಸಿದ ಮೂರನೇ ಜೋಡಿಗೆ ಒಂದನ್ನು ಸುತ್ತಿದೆ. ಐದನೆಯದಕ್ಕೆ ಇನ್ನೊಂದು. ಚಾಲೂ ಮಾಡಿದೆ. ಮೇಷ್ಟ್ರು ಕೀ ಒತ್ತಿದರು. ಸದ್ದು ಏರಿಸಲು ನಾಲ್ಕು ದಿನದಿಂದ ಹತ್ತಾರು ಸಲ ತೆರೆದಿದ್ದ ಕಿಟಕಿಯನ್ನು ನಾನು ಆಗಲೇ ಪರದೆಯ ಮೇಲೆ ತೆರೆದಿಟ್ಟಿದ್ದೆ. ಎಡಗಡೆಯ ಸ್ಪೀಕರಿನಿಂದ ಮಾತ್ರ ದೊರೆ ಮೂಗಿನಲ್ಲಿ ಹೇಳಿದ: “ವಾಲ್ಯೂಮ್ ಕಂಟ್ರೋಲ್.”

ಅಕ್ಕ ಗಟ್ಟಿಯಾಗಿ ನಕ್ಕುಬಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟೆ. ಮೇಷ್ಟ್ರು ಮಾತ್ರ, “ಬಲಗಡೆದು ಇನ್ನೂ ಸುಮ್ನೈತೆ. ಒಂದು ಎಳೆ ಸರಿಯಾಗಿ ಕುಂತಿಲ್ಲ. ಮತ್ತೆ ಸುತ್ತು” ಅಂದರು. ಸುತ್ತಿದೆ. ಎರಡೂ ಕಡೆಯಿಂದ ದೊರೆ ಮಾತಾಡಿದ. ಮೇಷ್ಟ್ರು ಭರಮಸಾಗರ ಎಂದು ಟೈಪ್ ಮಾಡಿ ಅವನ ಕೈಯಲ್ಲಿ ಮೂರು ಸಲ ಹೇಳಿಸಿದರು. ಆ ಊರೇ ಯಾಕೆ ಎಂದು ನನಗೆ ತಿಳಿಯಿತು, ತಲೆ ತಗ್ಗಿಸಿದೆ.

“ಆಯ್ತು. ಇನ್ನು ಹೊರಗೆ ಹೋಗಿ ಜಗಲಿ ಮೇಲೆ ಕುಂತ್ಕ” ಅಂದರು. “ಪ್ರಶ್ನೆಪತ್ರಿಕೆ ಗುಟ್ಟಿನದು. ದೊರೆ ಬಾಯಿ ದೊಡ್ಡದು.” ಬಾಗಿಲು ಹಾಕಿಕೊಂಡರು, ಕಿಟಕಿಯನ್ನೂ ಹಾಕಿಕೊಂಡರು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಷ್ಟ್ರಿಗೆ ಹತ್ತನೇ ಕ್ಲಾಸು ಸಿಕ್ಕಿತು, ನಿವೃತ್ತಿಯವರೆಗೂ ಅವರ ಕೈಯಲ್ಲೇ ಇತ್ತು. ಸಭೆಯಲ್ಲಿ ‘ಪಾಪ’ ಅಂದ ಏಳು ಜನರಲ್ಲಿ ನಾಲ್ಕು ಜನ ಆ ಹತ್ತನೇ ಕ್ಲಾಸಿನಲ್ಲಿ ಅವರಿಂದ ಇಂಗ್ಲಿಷ್ ಕಲಿತವರು. ಆ ಭಾನುವಾರದ ಮುಂದಿನ ವಾರ ನಾನು ಎರಡು ಜಂಪರ್ ತೆಗೆದುಕೊಂಡು ಹೋದೆ. “ತಂತಿ ಮುಟ್ಟಬ್ಯಾಡ, ಮಾತಾಡ್ತಾ ಐತಲ್ಲ” ಎಂದು ಕಳಿಸಿದರು. ನನ್ನನ್ನು ಮತ್ತೆ ಯಾವತ್ತೂ ‘ರೀ’ ಅನ್ನಲಿಲ್ಲ. ನನ್ನ ಮೇಜಿನ ಮೇಲೆ ಆ ತಿಂಗಳಿನಿಂದ ಒಂದು ಜೊತೆ ಸ್ಪೀಕರ್ ಇದೆ. ಯಾವ ಪೆಟ್ಟಿಗೆಯನ್ನಾದರೂ ಮುಚ್ಚುವ ಮುಂಚೆ ಕಣ್ಣು ಮುಚ್ಚಿ ಬೋರ್ಡನ್ನು ಒಮ್ಮೆ ಸವರುತ್ತೇನೆ. ಗಿರಾಕಿಗಳು ಇವನೇನು ಪೂಜೆ ಮಾಡುತ್ತಿದ್ದಾನೋ ಎಂದು ನೋಡುತ್ತಾರೆ. ನೋಡಲಿ.

ಆದರೆ ಆ ಭಾನುವಾರ ಇನ್ನೂ ಮುಗಿದಿಲ್ಲ. ನಾನು ಜಗಲಿಯಲ್ಲಿ ಕುಳಿತಿದ್ದೆ. ಒಳಗಿನಿಂದ ಕೀಲಿಗಳ ಸದ್ದು, ದೊರೆಯ ಗೊಣಗು, ನಡುನಡುವೆ ಮೇಷ್ಟ್ರು ಅವನನ್ನು ಗದರಿಸುವುದು ಕೇಳುತ್ತಿತ್ತು. ಹೋಗಬಹುದಿತ್ತು, ಹೋಗು ಎಂದು ಅವರು ಹೇಳಿರಲಿಲ್ಲ. ಬಿಸಿಲು ಬೆಟ್ಟದ ಕಡೆ ಇಳಿಯುವ ಹೊತ್ತಿಗೆ ಪ್ರಿಂಟರ್ ಕರಕರ ಅಂದಿತು, ಬಾಗಿಲು ತೆರೆಯಿತು. ಮೇಷ್ಟ್ರು ನಾಲ್ಕು ಹಾಳೆ ಹಿಡಿದುಕೊಂಡು ನಿಂತಿದ್ದರು. ಒಂದೊಂದು ಹಾಳೆಯ ಮೇಲೂ ಅಂಗೈ ಆಡಿಸುತ್ತಿದ್ದರು. ಪ್ರಿಂಟರಿನ ಮಸಿ ಒಣಗಿದ್ದರೆ ಬರೀ ಬಿಳಿ ಹಾಳೆ ಬಂದಿರುತ್ತದೆ. ಅದನ್ನು ದೊರೆಯೂ ಹೇಳಲಾರ, ಬೆರಳೂ ಹೇಳಲಾರದು.

ಅಕ್ಕ ಚಹಾ ಹಿಡಿದು ಬಂದವರು, “ಕೊಡ್ರಿ ಇಲ್ಲಿ, ನಾನು ನೋಡ್ತೀನಿ. ನಂಗೆ ಹೆಂಗೂ ಇಂಗ್ಲಿಷ್ ಓದಾಕೆ ಬರಲ್ಲ” ಎಂದು ಕೈ ನೀಡಿದರು.

“ಬ್ಯಾಡ” ಅಂದರು ಮೇಷ್ಟ್ರು. “ಅವನೇ ನೋಡ್ಲಿ.”

ಹಾಳೆಗಳನ್ನು ನನ್ನ ಕಡೆ ಚಾಚಿದರು. “ಓದಬ್ಯಾಡ. ಮಸಿ ಬಿದ್ದೈತಾ ಇಲ್ವಾ, ಅಷ್ಟೇ ಹೇಳು. ನೀನು ಹೇಳಿದ್ದನ್ನೇ ನಾಳೆ ಹೆಡ್‌ಮಾಸ್ಟರಿಗೆ ಕೊಡೋದು.”

ಚಹಾದ ಲೋಟ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡೆ. ಕಣ್ಣು ಅರೆ ಮುಚ್ಚಿ, ಅಕ್ಷರಗಳು ಬರೀ ಕಪ್ಪು ಗೆರೆಗಳಾಗಿ ಕಾಣುವಷ್ಟು ದೂರ ಹಿಡಿದು, ನಾಲ್ಕನ್ನೂ ಒಂದೊಂದಾಗಿ ತಿರುವಿದೆ.

“ನಾಲ್ಕರಲ್ಲೂ ಬಿದ್ದೈತೆ ಸರ್” ಅಂದೆ.

ಮೇಷ್ಟ್ರು ಹಾಳೆಗಳನ್ನು ಮಡಚಿ ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟು ಒದ್ದೆ ಮಾಡಿ, ಮುಚ್ಚಿದರು. ಇನ್ನೊಂದು ಸಲ ಕೇಳಲಿಲ್ಲ.